ಬೈನರಿ ಕಡತವನ್ನು ಪಠ್ಯವಾಗಿ ಓದುವ ಸಾಧನಗಳು: ಅರ್ಧ ಶತಮಾನದ ಹಿನ್ನೆಲೆ

ಹದಿನಾರರ ಮಾನದ, ಅಂದರೆ ಹೆಕ್ಸ್, ಪದ್ಧತಿಯಲ್ಲಿ 42 48 00 00 ಎಂದು ಬರೆಯಬಹುದಾದ ನಾಲ್ಕು ಬೈಟುಗಳು ಒಂದು ಕಡತದಲ್ಲಿವೆ ಎಂದಿಟ್ಟುಕೊಳ್ಳೋಣ. ಹೆಚ್ಚಿನ ಬೆಲೆಯ ಬೈಟು ಮೊದಲು ಬರುವ ಕ್ರಮದಲ್ಲಿ ಅವನ್ನು ಪೂರ್ಣಾಂಕವೆಂದು ಓದಿದರೆ 1,11,20,14,848 ಆಗುತ್ತದೆ. ಆ ಪೂರ್ಣಾಂಕವನ್ನು 1970ರ ಆರಂಭದಿಂದ ಎಣಿಸುವ ಯುನಿಕ್ಸ್ ಕಾಲಗಣನೆಯ ಸೆಕೆಂಡುಗಳೆಂದು ತೆಗೆದುಕೊಂಡರೆ 2005ರ ಮಾರ್ಚ್ 28ರ ಒಂದು ಕ್ಷಣ ಸಿಗುತ್ತದೆ. ಐಇಇಇ 754 ಮಾನಕದ ಫ್ಲೋಟಿಂಗ್ ಪಾಯಿಂಟ್ (ದಶಮಾಂಶ ಭಾಗವೂ ಇರಬಹುದಾದ) ಸಂಖ್ಯೆಯೆಂದು ಓದಿದರೆ ಸರಿಯಾಗಿ 50 ಬರುತ್ತದೆ. ಯಾವ ಓದು ಸರಿ ಎಂಬುದನ್ನು ಬೈಟುಗಳೇ ಹೇಳುವುದಿಲ್ಲ. ಬೈನರಿ ಕಡತವನ್ನು ಕಮಾಂಡ್ ಲೈನಿನಲ್ಲಿ ಓದಬಲ್ಲ ಪಠ್ಯವಾಗಿ ತೋರಿಸುವ ಸಾಧನಗಳು ಐವತ್ತು ವರ್ಷಗಳಿಂದ ಎದುರಿಸುತ್ತ ಬಂದಿರುವ ಪ್ರಶ್ನೆ ಇದೇ: ರಚನೆಯ ತಿಳಿವಳಿಕೆ ಎಲ್ಲಿರಬೇಕು, ಓದುವವನ ತಲೆಯಲ್ಲೋ, ಪ್ರೋಗ್ರಾಮಿನಲ್ಲೋ, ಕಡತದ ಒಳಗೋ?

ಮೊದಲ ಉತ್ತರ ಓದುವವನ ಮೇಲೆಯೇ ಭಾರ ಹಾಕಿತು. 1971ರ ನವೆಂಬರಿನಲ್ಲಿ ಹೊರಬಂದ ಯುನಿಕ್ಸ್‌ನ ಮೊದಲ ಕೈಪಿಡಿಯಲ್ಲೇ ‘ಓಡಿ’ ಎಂಬ ಆದೇಶವಿದೆ. ಕಡತವನ್ನು ಅದು ಎಂಟರ ಮಾನದ, ಅಂದರೆ ಆಕ್ಟಲ್, ಅಂಕಿಗಳಲ್ಲಿ ಸಾಲುಸಾಲಾಗಿ ಸುರಿಯುತ್ತಿತ್ತು. ಅಂದಿನ ಪಿಡಿಪಿ-11 ಯಂತ್ರದ ಸೂಚನೆಗಳು ಮೂರು ಮೂರು ಬಿಟ್‌ಗಳ ಗುಂಪುಗಳಾಗಿ ಒಡೆಯುತ್ತಿದ್ದುದರಿಂದ ಆಕ್ಟಲ್ ಅಲ್ಲಿ ಸಹಜವಾಗಿತ್ತು. ಯಂತ್ರ ಹೋದರೂ ಅಭ್ಯಾಸ ಹೋಗಲಿಲ್ಲ. ಇಂದಿಗೂ ಯಾವ ಆಯ್ಕೆಯನ್ನೂ ಕೊಡದೆ ‘ಓಡಿ’ ನಡೆಸಿದರೆ ಅದು ಎರಡೆರಡು ಬೈಟುಗಳನ್ನು ಕೂಡಿಸಿ ಆಕ್ಟಲ್‌ನಲ್ಲಿ ತೋರಿಸುತ್ತದೆ, ಮತ್ತು ಆ ಕೂಡಿಕೆ ಯಂತ್ರದ ಬೈಟ್ ಕ್ರಮವನ್ನು ಅನುಸರಿಸುತ್ತದೆ. ಹೀಗಾಗಿ ಇಂಗ್ಲಿಷಿನ ‘ಎ’, ‘ಬಿ’ ಎಂಬ ಎರಡು ಸಣ್ಣಕ್ಷರಗಳಷ್ಟೇ ಇರುವ ಕಡತ ಕಡಿಮೆ ಬೆಲೆಯ ಬೈಟನ್ನು ಮೊದಲಿಡುವ ಲಿಟಲ್ ಎಂಡಿಯನ್ ಯಂತ್ರದಲ್ಲಿ 061141 ಎಂದೂ ಹೆಚ್ಚಿನದನ್ನು ಮೊದಲಿಡುವ ಬಿಗ್ ಎಂಡಿಯನ್ ಯಂತ್ರದಲ್ಲಿ 060542 ಎಂದೂ ಕಾಣುತ್ತದೆ. ಕಡತ ಒಂದೇ, ನೋಟ ಎರಡು. ಮುಂದೆ ಬಂದ ‘ಹೆಕ್ಸ್‌ಡಂಪ್’ ಮತ್ತು ವಿಮ್ ಸಂಪಾದಕದ ಜೊತೆ ಹರಡಿದ ‘ಎಕ್ಸ್‌ಎಕ್ಸ್‌ಡಿ’ ಹೆಕ್ಸ್ ಅಂಕಿಗಳ ಪಕ್ಕದಲ್ಲೇ ಅಕ್ಷರಗಳನ್ನೂ ಮುದ್ರಿಸಿ ಕಣ್ಣಿಗೆ ಹಿತ ತಂದವು. ತೋರಿಸಿದ ಪಠ್ಯವನ್ನು ತಿದ್ದಿ ಮರಳಿ ಬೈನರಿಯಾಗಿಸುವ ಅನುಕೂಲವೂ ಎರಡನೆಯದರಲ್ಲಿತ್ತು. ಅರ್ಥದ ಹೊಣೆ ಮಾತ್ರ ಓದುವವನದಾಗಿಯೇ ಉಳಿಯಿತು.

ಎರಡನೆಯ ಉತ್ತರ, ಒಂದೊಂದು ಬಗೆಯ ಕಡತಕ್ಕೂ ಒಂದೊಂದು ಪ್ರೋಗ್ರಾಮು. ಲಾಗಿನ್ ದಾಖಲೆಗಳ ‘ಡಬ್ಲ್ಯುಟಿಎಂಪಿ’ ಕಡತವನ್ನು ‘ಲಾಸ್ಟ್’ ಆದೇಶ ಓದಿ ಹೇಳುವುದು ಇದರ ಹಳೆಯ ಮಾದರಿ. ಇಲ್ಲಿ ರಚನೆ ಪ್ರೋಗ್ರಾಮು ಬಳಸುವ ಸಿ ಭಾಷೆಯ ಘೋಷಣಾ ಕಡತದಲ್ಲಿದೆಯೇ (ಹೆಡರ್) ಹೊರತು ಕಡತದಲ್ಲಿಲ್ಲ. ಆದ್ದರಿಂದ ಒಂದು ವ್ಯವಸ್ಥೆಯ ದಾಖಲೆಯನ್ನು ಇನ್ನೊಂದಕ್ಕೆ ಒಯ್ದರೆ ಕ್ಷೇತ್ರಗಳ ಅಳತೆ ಹೊಂದದೆ ಅಸಂಬದ್ಧ ಹೆಸರು, ದಿನಾಂಕಗಳು ಮೂಡಬಹುದು. ದತ್ತಾಂಶದ ರಚನೆಯನ್ನು ವಿವರಿಸಲು 1984ರಲ್ಲಿ ರೂಪುಗೊಂಡ ಎಎಸ್‌ಎನ್.1 ಎಂಬ ಮಾನಕ ಒಂದು ಹೆಜ್ಜೆ ಮುಂದಿಟ್ಟಿತು. ಅದರ ರೂಢಿಯ ಸಂಕೇತನದಲ್ಲಿ ಪ್ರತಿಯೊಂದು ಮೌಲ್ಯದ ಮುಂದೆ ಬಗೆಯೂ ಉದ್ದವೂ ಇರುವುದರಿಂದ ‘ಡಂಪ್‌ಎಎಸ್‌ಎನ್1’ನಂಥ ಸಾಧನ ಯಾವುದೇ ಡಿಜಿಟಲ್ ಪ್ರಮಾಣಪತ್ರವನ್ನು ಒಳಸರಿಸಿದ ಮರದ ರೂಪದಲ್ಲಿ ಬಿಡಿಸಬಲ್ಲದು. ಆದರೆ ಅಲ್ಲಿ ಕಂಡ ಪೂರ್ಣಾಂಕ ಕ್ರಮಸಂಖ್ಯೆಯೋ ಆವೃತ್ತಿಯೋ ಎಂದು ತಿಳಿಯಲು ಮತ್ತೆ ಮಾನಕವನ್ನೇ ತೆರೆಯಬೇಕು.

ನನ್ನ ಲೆಕ್ಕದಲ್ಲಿ ಈ ಸಮಸ್ಯೆಯನ್ನು ಎಲ್ಲರಿಗಿಂತ ಚೆನ್ನಾಗಿ ಗ್ರಹಿಸಿದವರು ಹವಾಮಾನ ವಿಜ್ಞಾನದವರು. 1980ರ ದಶಕದ ಕೊನೆಯಲ್ಲಿ ಅಮೆರಿಕದ ಯುನಿಡೇಟಾ ಕೇಂದ್ರ ರೂಪಿಸಿದ ನೆಟ್‌ಸಿಡಿಎಫ್ ಕಡತ, ಅಕ್ಷಾಂಶ ರೇಖಾಂಶಗಳಂಥ ಆಯಾಮಗಳ ಹೆಸರು ಮತ್ತು ಅಳತೆ, ಚರಾಂಶಗಳ ಬಗೆ, ಅವುಗಳ ಮಾನ ಎಲ್ಲವನ್ನೂ ತನ್ನ ಆರಂಭದ ಭಾಗವಾದ ಹೆಡರಿನಲ್ಲೇ ಹೊತ್ತಿರುತ್ತದೆ. ‘ಎನ್‌ಸಿಡಂಪ್’ ಅದನ್ನು ಸಿಡಿಎಲ್ ಎಂಬ ಪಠ್ಯಭಾಷೆಯಲ್ಲಿ ಮುದ್ರಿಸುತ್ತದೆ; ‘ಎನ್‌ಸಿಜೆನ್’ ಆ ಪಠ್ಯದಿಂದ ಮರಳಿ ಬೈನರಿ ಕಡತವನ್ನು ಕಟ್ಟುತ್ತದೆ. ಹೆಡರ್ ಒಂದನ್ನೇ ತೋರಿಸುವ ಆಯ್ಕೆಯಿರುವುದರಿಂದ ನೂರಾರು ಗಿಗಾಬೈಟುಗಳ ಕಡತದಲ್ಲಿ ಏನಿದೆ ಎಂಬುದು ಕ್ಷಣದಲ್ಲಿ ತಿಳಿಯುತ್ತದೆ. ಆದರೆ ಎರಡು ದಿಕ್ಕಿನ ಈ ಓಡಾಟದಲ್ಲಿ ಒಂದು ಬಲೆಯಿದೆ. ಎನ್‌ಸಿಡಂಪ್ ತಾನಾಗಿ ಏಕನಿಖರತೆಯ (32 ಬಿಟ್‌ನ) ಸಂಖ್ಯೆಗಳನ್ನು 7 ಸಾರ್ಥಕ ಅಂಕಿಗಳಿಗೂ ದ್ವಿನಿಖರತೆಯವನ್ನು (64 ಬಿಟ್‌ನವು) 15 ಅಂಕಿಗಳಿಗೂ ನಿಲ್ಲಿಸುತ್ತದೆ. ಕಣ್ಣಿಗೆ ಅಷ್ಟು ಸಾಕು. ಆದರೆ ಎಲ್ಲ ಮೌಲ್ಯಗಳೂ ಬಿಟ್ ಬಿಟ್ಟಿಗೂ ಮರಳಿ ಸಿಗಬೇಕಾದರೆ ಕ್ರಮವಾಗಿ 9 ಮತ್ತು 17 ಅಂಕಿಗಳು ಬೇಕು. ಅದಕ್ಕೊಂದು ಆಯ್ಕೆಯಿದೆ, ಅದನ್ನು ನೆನಪಿಡುವವರು ಕಡಿಮೆ. ತೋರಿಸುವುದು ಬೇರೆ, ಪರಿವರ್ತಿಸುವುದು ಬೇರೆ ಎಂಬ ಈ ಭೇದವನ್ನು ಮರೆತು ಪಠ್ಯರೂಪವನ್ನೇ ಮೂಲದ ಪ್ರತಿಯೆಂದು ಕಾಪಿಟ್ಟರೆ ದತ್ತಾಂಶ ಸದ್ದಿಲ್ಲದೆ ಸವೆಯುತ್ತದೆ. 1998ರ ಎಚ್‌ಡಿಎಫ್5 ಎಂಬ ಕಡತ ಮಾದರಿ ಮತ್ತು ಅದರ ‘ಎಚ್5ಡಂಪ್’ ಇದೇ ದಾರಿಯನ್ನು ಇನ್ನಷ್ಟು ಜಟಿಲವಾದ ರಚನೆಗಳಿಗೆ ವಿಸ್ತರಿಸಿದವು.

ಜಾಲದ ಲೋಕ ಬೇರೆ ದಾರಿ ಹಿಡಿಯಿತು. ಗೂಗಲ್ 2008ರಲ್ಲಿ ಮುಕ್ತಗೊಳಿಸಿದ, ಪ್ರೋಟೋಕಾಲ್ ಬಫರ್ಸ್ ಎಂಬ ದತ್ತಾಂಶ ಸಂಕೇತನದಲ್ಲಿ ಗಾತ್ರ ಮತ್ತು ವೇಗವೇ ಮುಖ್ಯವಾಗಿದ್ದುದರಿಂದ ಕ್ಷೇತ್ರದ ಹೆಸರು ಕಡತದೊಳಗೆ ಹೋಗುವುದೇ ಇಲ್ಲ; ಅದರ ಸಂಖ್ಯೆಯಷ್ಟೇ ಹೋಗುತ್ತದೆ. 08 07 ಎಂಬ ಎರಡು ಬೈಟುಗಳನ್ನು ಸ್ಕೀಮಾ, ಅಂದರೆ ಕ್ಷೇತ್ರಗಳ ಹೆಸರು ಮತ್ತು ಬಗೆಯ ವಿವರಣೆ, ಇಲ್ಲದೆ ಬಿಡಿಸಿದರೆ ‘ಕ್ಷೇತ್ರ 1, ಮೌಲ್ಯ 7’ ಎಂದು ಕಾಣುತ್ತದೆ; ಸ್ಕೀಮಾ ಆ ಕ್ಷೇತ್ರವನ್ನು ಧನ, ಋಣ ಸಂಖ್ಯೆಗಳನ್ನು ಸರದಿಯಲ್ಲಿ ಎಣಿಸುವ ಝಿಗ್‌ಝಾಗ್ ಬಗೆಯ ಪೂರ್ಣಾಂಕವೆಂದು ಹೇಳಿದ್ದರೆ ನಿಜವಾದ ಮೌಲ್ಯ -4. ಸ್ಕೀಮಾ ಇಲ್ಲದ ಓದು ಅರ್ಧ ಓದಷ್ಟೇ ಅಲ್ಲ, ತಪ್ಪು ಓದೂ ಆಗಬಹುದು. ಮರುವರ್ಷ ಬಂದ ಆವ್ರೋ ಎಂಬ ಕಡತ ಮಾದರಿ ಸ್ಕೀಮಾವನ್ನು ಕಡತದ ತಲೆಯಲ್ಲೇ ಜೇಸನ್ ಎಂಬ ಪಠ್ಯರೂಪದಲ್ಲಿ ಇರಿಸಿತು. 2013ರ ಪಾರ್ಕೆ ಎಂಬ ಇನ್ನೊಂದು ಮಾದರಿ ಅದನ್ನು ಕಡತದ ಬಾಲಕ್ಕೆ ಸಾಗಿಸಿತು. ಹಲವು ವರ್ಷ ಉಳಿಯಬೇಕಾದ ಕಡತಕ್ಕೆ ಇವೇ ಸರಿಯಾದ ಕ್ರಮಗಳೆಂದು ನನಗನ್ನಿಸುತ್ತದೆ.

2011ರಲ್ಲಿ ಲಿನಕ್ಸ್ ವ್ಯವಸ್ಥೆಯ ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿ ತನ್ನ ಜರ್ನಲ್ ದಾಖಲೆಗಳನ್ನು ಬೈನರಿಯಲ್ಲಿಡುವುದಾಗಿ ಪ್ರಕಟಿಸಿದಾಗ ಎದ್ದ ವಾದವೂ ಇದೇ ವಿಷಯದ್ದು. ಕಡತ ಕೆಟ್ಟಾಗ ಪಠ್ಯ ಹುಡುಕುವ ‘ಗ್ರೆಪ್’ ಆದೇಶದಿಂದ ಹುಡುಕಲಾಗದ ಲಾಗಿನಿಂದ ಏನು ಪ್ರಯೋಜನ ಎಂದು ಕೆಲವರು ಕೇಳಿದರು, ಪ್ರತಿ ನಮೂದಿಗೂ ಹೆಸರುಳ್ಳ ಕ್ಷೇತ್ರಗಳಿದ್ದರೆ ಹುಡುಕಾಟ ವೇಗವೂ ಖಚಿತವೂ ಆಗುತ್ತದೆಂದು ಸಮರ್ಥಕರು ಹೇಳಿದರು. ಆ ದಾಖಲೆಗಳನ್ನು ಓದುವ ‘ಜರ್ನಲ್‌ಸಿಟಿಎಲ್’ ಆದೇಶ ಪಠ್ಯವನ್ನೂ ಜೇಸನ್ನನ್ನೂ ಕೊಡುತ್ತದೆ, ನಿಜ. ಆದರೆ ಆ ಸಾಧನ ಇಲ್ಲದ ಯಂತ್ರದಲ್ಲಿ ಕಷ್ಟ ಇದ್ದೇ ಇದೆ.

ರಚನೆಯನ್ನು ಅರಿತ ಸಾಧನಕ್ಕೆ ಅಪಾಯವೂ ಹೆಚ್ಚು. ಕಡತದಲ್ಲಿನ ಅಕ್ಷರಮಾಲೆಗಳನ್ನಷ್ಟೇ ಹೆಕ್ಕುವ ‘ಸ್ಟ್ರಿಂಗ್ಸ್’ ಬರೀ ಬೈಟುಗಳನ್ನು ನೋಡುತ್ತದೆಂದು ಬಹುಜನ ನಂಬಿದ್ದರು. ಮುಕ್ತ ತಂತ್ರಾಂಶ ಯೋಜನೆಯಾದ ಗ್ನೂವಿನ ಆವೃತ್ತಿ ತಾನಾಗಿಯೇ ಎಕ್ಸಿಕ್ಯೂಟಬಲ್ (ನೇರವಾಗಿ ನಡೆಸಬಲ್ಲ ಪ್ರೋಗ್ರಾಮಿನ) ಕಡತದ ರಚನೆಯನ್ನು ಬಿಡಿಸಲು ಹೋಗುತ್ತಿತ್ತೆಂದೂ, ಬೇಕೆಂದೇ ಕೆಡಿಸಿದ ಕಡತ ಅಲ್ಲಿ ಯಂತ್ರದ ಸ್ಮೃತಿಯನ್ನು (ಮೆಮೊರಿ) ಕೆಡಿಸುವ ದೋಷ ಹುಟ್ಟಿಸಬಲ್ಲದಾಗಿತ್ತೆಂದೂ 2014ರಲ್ಲಿ ಬಯಲಾಯಿತು. ಸಂಶಯದ ಕಡತವನ್ನು ಪರೀಕ್ಷಿಸಲು ಜನ ಮೊದಲು ಬಳಸುತ್ತಿದ್ದ ಸಾಧನವೇ ಅದಾಗಿತ್ತು. ಪೂರ್ತಿ ಕಡತವನ್ನು ರಚನೆ ಲೆಕ್ಕಿಸದೆ ಓದಿಸುವ ಆಯ್ಕೆ ಆಗಲೂ ಇತ್ತು, ಈಗಲೂ ಇದೆ. ಅಪರಿಚಿತ ಕಡತ ಕೈಗೆ ಬಂದಾಗ ಅದನ್ನು ಬಳಸುವುದು, ಅಥವಾ ಏನನ್ನೂ ಊಹಿಸದ ‘ಓಡಿ’ಯಿಂದಲೇ ಆರಂಭಿಸುವುದು ಕ್ಷೇಮ.