ಆಮಿ ಬೇಕು, ಯಾವ ಆಮಿ?

ಅಕ್ಕನ ಮಗನಿಗೆ ಈಗ ಹನ್ನೊಂದು. ಬೇಸಿಗೆ ರಜೆಯಲ್ಲಿ ವಿಜಯಪುರಕ್ಕೆ ಹೋದ ದಿನವೇ ಶುರುಮಾಡಿದ: “ಮಾಮಾ, ನನಗ ಆಮಿ ಬೇಕು. ಯಾವ ಆಮಿ ತಂದ್ರ ಚಲೋ, ಹೇಳು.” ಅಕ್ಕ ಆಗಲೇ ಅರ್ಧ ಒಪ್ಪಿಬಿಟ್ಟಿದ್ದಳು. “ನಾಯಿ ಬ್ಯಾಡ ಅಂದೆ, ಬೆಕ್ಕು ಬ್ಯಾಡ ಅಂದೆ. ಆಮಿ ಒದರೂದಿಲ್ಲ, ಹೊಲಸು ಮಾಡೂದಿಲ್ಲ. ಒಂದ್ ಮೂಲ್ಯಾಗ ಬಿದ್ದಿರ್ತದ, ಇರ್ಲಿ ಬಿಡು.”

ಆಮೆ ಒದರುವುದಿಲ್ಲ ಎಂಬುದೊಂದೇ ಅದರಲ್ಲಿ ನಿಜ.

ಸಂಜೆ ಮೂವರೂ ಅಕ್ವೇರಿಯಂ ಅಂಗಡಿಗೆ ಹೋದೆವು. ಪ್ಲಾಸ್ಟಿಕ್ ಬುಟ್ಟಿಯಲ್ಲಿ ಎರಡು ಬೆರಳು ನೀರು, ಅದರಲ್ಲಿ ಹತ್ತಿಪ್ಪತ್ತು ಹಸಿರು ಮರಿಗಳು ಒಂದರ ಮೇಲೊಂದು ಹತ್ತಿ ಜಾರುತ್ತಿದ್ದವು. ಒಂದನ್ನು ಅಂಗೈ ಮೇಲಿಟ್ಟುಕೊಂಡು ನೋಡಿದೆವು. ಕಣ್ಣಿನ ಹಿಂದೆ ಕುಂಕುಮ ತೀಡಿದಂಥ ಕೆಂಪು ಪಟ್ಟೆ, ಹಳದಿ ಹೊಟ್ಟೆಯ ಮೇಲೆ ಶಾಯಿ ಚೆಲ್ಲಿದಂಥ ಕಲೆಗಳು, ಬೆರಳುಗಳ ನಡುವೆ ಬಾತುಕೋಳಿಗೆ ಇರುವಂಥ ಪೊರೆ. “ಇಷ್ಟ ಇರ್ತದ್ರಿ, ದೊಡ್ಡದಾಗಂಗಿಲ್ಲ” ಎಂದ ಅಂಗಡಿಯವ.

ಆಗುತ್ತದೆ. ಇದು ರೆಡ್ ಇಯರ್ಡ್ ಸ್ಲೈಡರ್, ಅಮೆರಿಕದ ಮಿಸಿಸಿಪಿ ನದಿ ಸೀಮೆಯದು. ಚಿಪ್ಪು 25ರಿಂದ 30 ಸೆಂ.ಮೀ. ಬೆಳೆಯುತ್ತದೆ, ಅಂದರೆ ನಾವು ರೊಟ್ಟಿ ಉಣ್ಣುವ ತಾಟಿನಷ್ಟು. ಇಪ್ಪತ್ತು ಮೂವತ್ತು ವರ್ಷ ಬದುಕುತ್ತದೆ. ನೀರಿನಲ್ಲಿದ್ದರೆ ಮಾತ್ರ ತುತ್ತು ನುಂಗಬಲ್ಲದು; ತಿಂದ ನೀರಿನಲ್ಲೇ ಹೊಲಸೂ ಮಾಡುತ್ತದೆ. ಅಕ್ಕನ ಲೆಕ್ಕ ಇಲ್ಲೇ ತಪ್ಪಿತು. ಆ ನೀರಲ್ಲಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಮಕ್ಕಳು ಮರಿಗಳನ್ನು ಬಾಯಿಗಿಟ್ಟುಕೊಂಡು ಕಾಯಿಲೆ ಬೀಳುತ್ತಿದ್ದರೆಂದೇ ಅಮೆರಿಕ 1975ರಲ್ಲಿ ನಾಲ್ಕು ಇಂಚಿಗಿಂತ ಸಣ್ಣ ಚಿಪ್ಪಿನ ಆಮೆಗಳ ಮಾರಾಟ ನಿಲ್ಲಿಸಿತು. ಬೆಳೆದ ಮೇಲೆ ಬೇಸತ್ತವರು ಪುಣ್ಯ ಬರಲೆಂದು ಕೆರೆಗೆ ಬಿಡುತ್ತಾರೆ. ಅಲ್ಲಿ ಅದು ಊರಿನ ಆಮೆಗಳ ಅನ್ನಕ್ಕೂ ಬಿಸಿಲು ಕಾಯುವ ಬಂಡೆಗೂ ಪೈಪೋಟಿಗೆ ನಿಲ್ಲುತ್ತದೆ. ಜಗತ್ತಿನ ಅತಿ ಕೆಟ್ಟ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಇದಕ್ಕೂ ಜಾಗವಿದೆ.

“ಇದು ನೀರಿಂದು. ನನಗ ನೆಲದ ಮ್ಯಾಲೆ ಅಡ್ಡಾಡೂದು ಬೇಕು” ಎಂದ ಹುಡುಗ. ನಮ್ಮ ಗೊಂದಲಕ್ಕೆ ಭಾಷೆಯೂ ಒಂದಿಷ್ಟು ಕಾರಣ. ನೆಲದ್ದು, ಕೆರೆಯದು, ಕಡಲಿನದು, ಎಲ್ಲವನ್ನೂ ಆಮೆ ಎಂದೇ ಕರೆದುಬಿಟ್ಟಿದ್ದೇವೆ. ಕಾಲು ನೋಡಿದರೆ ಸಾಕು: ನೆಲದ ಆಮೆಯದು ಸಣ್ಣ ಆನೆಯ ಕಾಲು, ದುಂಡಗೆ, ಪೊರೆಯಿಲ್ಲದೆ. ಆಳದ ನೀರಿಗೆ ಬಿದ್ದರೆ ಅದು ಮುಳುಗಿ ಸಾಯುತ್ತದೆ.

ನಮ್ಮ ಒಣಹವೆಗೆ ಹೇಳಿ ಮಾಡಿಸಿದಂಥ ನೆಲದ ಆಮೆ ಒಂದಿದೆ: ನಕ್ಷತ್ರ ಆಮೆ. ಕುರುಚಲು ಗಿಡ, ಹುಲ್ಲು, ಕಡಿಮೆ ಮಳೆ ಇದರ ಲೋಕ. ಕಪ್ಪು ಉಬ್ಬುಗಳ ಮೇಲೆ ಹಳದಿ ಗೆರೆಗಳು ಸಿಡಿದಂತಿರುವ ಆ ಚಿಪ್ಪು ಬರೀ ಚೆಂದಕ್ಕಲ್ಲ. ಒಣಹುಲ್ಲಿನ ನೆರಳಿನಲ್ಲಿ ಕೂತರೆ ಕಣ್ಣಿಗೇ ಬೀಳುವುದಿಲ್ಲ. ಆಕಾರದ್ದು ಇನ್ನೊಂದು ಸೋಜಿಗ. ಹಂಗೇರಿಯ ಡೊಮೊಕೋಶ್ ಮತ್ತು ವಾರ್ಕೊನಿ ಎಂಬಿಬ್ಬರು ಸಂಶೋಧಕರು ಯಾವ ಮಗ್ಗುಲಿಗೆ ಇಟ್ಟರೂ ಉರುಳಿ ತಾನೇ ನೆಟ್ಟಗೆ ನಿಲ್ಲುವ ಘನಾಕೃತಿಯೊಂದನ್ನು ಕಂಡುಹಿಡಿದು ‘ಗೊಂಬೊಟ್ಸ್’ ಎಂದು ಹೆಸರಿಟ್ಟರು. ಒಳಗೆ ಭಾರ ಅಡಗಿಸಿಟ್ಟ ಆಟಿಕೆಯಲ್ಲ ಅದು, ಆಕಾರದ್ದೇ ಕರಾಮತ್ತು. ಆಮೆಗಳ ಚಿಪ್ಪು ಅಳೆಯುತ್ತ ಹೋದಾಗ ಅದಕ್ಕೆ ತೀರ ಹತ್ತಿರ ಬಂದದ್ದು ಈ ನಕ್ಷತ್ರ ಆಮೆ. ಬೆನ್ನಡಿಯಾದರೆ ತಲೆ, ಕಾಲಿನ ಸಣ್ಣ ತಳ್ಳಿಕೆ ಸಾಕು, ಗುಮ್ಮಟದಂಥ ಬೆನ್ನು ಉಳಿದ ಕೆಲಸ ಮಾಡುತ್ತದೆ. ಗೋಲಗುಮ್ಮಟದ ಊರಿನ ಹುಡುಗನಿಗೆ ಇದು ಬಹಳ ಹಿಡಿಸಿತು.

ಆದರೆ ಸಾಕುವಂತಿಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾದ ಮೇಲೆ ಇದು ಹುಲಿಯ ಜೊತೆ ಮೊದಲನೇ ಅನುಸೂಚಿಯಲ್ಲಿದೆ, ಅಂದರೆ ಅತಿ ಹೆಚ್ಚು ರಕ್ಷಣೆಯ ಪಟ್ಟಿಯಲ್ಲಿ. ಸಿಕ್ಕಿಬಿದ್ದರೆ ಮೂರರಿಂದ ಏಳು ವರ್ಷ ಜೈಲು. 2019ರಿಂದ ಅಂತರರಾಷ್ಟ್ರೀಯ ವ್ಯಾಪಾರವೂ ನಿಷಿದ್ಧ. ಇಪ್ಪತ್ತು ಉಗುರಿನ ಆಮೆ ಮನೆಯಲ್ಲಿದ್ದರೆ ಲಕ್ಷ್ಮಿ ಒಲಿಯುತ್ತಾಳೆಂಬ ಗಾಳಿಮಾತು ಬೇರೆ ಇದರ ಬೆನ್ನಿಗೆ ಬಿದ್ದಿದೆ. ಉಗುರು ಎಣಿಸುವವರಿಗೆ ಬುದ್ಧಿ ಹೇಳಿ ನನಗಂತೂ ಸಾಕಾಗಿದೆ.

ಹೊರದೇಶದ್ದು? ಸಹಾರಾದ ತೆಂಕಣಂಚಿನ ಸಲ್ಕಾಟಾ ಆಮೆ ನಮ್ಮ ಮೇ ತಿಂಗಳ ಬಿಸಿಲಿಗೆ ಬಗ್ಗುವುದಿಲ್ಲ. ಮರಿ ಅಂಗೈಯಲ್ಲಿ ಹಿಡಿಸುತ್ತದೆ, ಬೆಳೆದದ್ದು ನಲವತ್ತು ಐವತ್ತು ಕಿಲೋ, ಅಂದರೆ ಒಂದು ಸಿಮೆಂಟ್ ಚೀಲ, ಅದೂ ನಡೆದಾಡುವ ಚೀಲ. ಸೆಕೆ ತಪ್ಪಿಸಿಕೊಳ್ಳಲು ಮೀಟರುಗಟ್ಟಲೆ ಬಿಲ ತೋಡುತ್ತದೆ. ನಮ್ಮ ಎರೆಮಣ್ಣು ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿದು, ಮಳೆಗಾಲದಲ್ಲಿ ಉಬ್ಬಿ ರಾಡಿಯಾಗುತ್ತದೆ. ಅಂಥ ಮಣ್ಣಿನ ಬಿಲ ಕುಸಿದರೆ ಒಳಗಿದ್ದದ್ದು ಒಳಗೇ. ತಂಪು ಕೆಸರಿನಲ್ಲಿ ದಿನಗಟ್ಟಲೆ ಕೂತರೆ ಪುಪ್ಪುಸಕ್ಕೆ ಸೋಂಕು. ಆಯುಷ್ಯವೋ, ಐವತ್ತು ದಾಟುವುದು ಸುಲಭ. ಹುಡುಗ ಬೆರಳು ಮಡಚಿ ಲೆಕ್ಕಹಾಕಿ, “ನನಗ ಅರವತ್ತೊಂದು ಆಗಿರ್ತದ” ಎಂದ. ಅಕ್ಕ ಏನೂ ಅನ್ನಲಿಲ್ಲ.

ಮಧ್ಯ ಏಷ್ಯಾದ ಹುಲ್ಲುಗಾವಲ ಆಮೆ ಗಾತ್ರದಲ್ಲಿ ಚಿಕ್ಕದು, ಗಟ್ಟಿ ಜೀವ. ಮನುಷ್ಯರು ಮೊದಲ ಸಲ ಚಂದ್ರನನ್ನು ಸುತ್ತಿಬಂದ ಅಪೊಲೊ 8ಕ್ಕೂ ಮುಂಚೆ, 1968ರ ಸೆಪ್ಟೆಂಬರಿನಲ್ಲಿ, ಸೋವಿಯತ್ ಜೋಂಡ್ 5 ನೌಕೆಯಲ್ಲಿ ಇಂಥ ಎರಡು ಆಮೆ ಚಂದ್ರನನ್ನು ಸುತ್ತಿ ಜೀವಂತ ಮರಳಿದವು. ಆದರೆ ತನ್ನ ನೆಲದಲ್ಲಿ ಅದು ವರ್ಷದ ಬಹುಪಾಲು ಬಿಲದೊಳಗೆ ಮಲಗುವ ಪ್ರಾಣಿ, ಚಳಿಗಾಲದ ಹಿಮಕ್ಕೆ ಒಗ್ಗಿದ್ದು. ವಿಜಯಪುರದಲ್ಲಿ ಆ ಚಳಿ ಎಲ್ಲಿಂದ ತರೋಣ? ದಕ್ಷಿಣ ಅಮೆರಿಕದ ಕೆಂಪುಕಾಲಿನ ಆಮೆಗೆ ಹಸಿ ಹವೆ ಬೇಕು; ಆ ಮಾತು ಬಿಡಿ. ಇಂಥವನ್ನು ಇಟ್ಟುಕೊಂಡರೆ 2024ರ ನಿಯಮದಂತೆ ಸರ್ಕಾರದ ಪರಿವೇಶ್ ಜಾಲತಾಣದಲ್ಲಿ ನೋಂದಣಿಯೂ ಆಗಬೇಕು.

ಇನ್ನು ಅಕ್ಕನ ಆ ಮೂಲೆ. ಆಮೆಗೆ ಅದೇ ಶತ್ರು. ಚಿಪ್ಪು ಮೇಲೆ ಹೊದ್ದ ಪೆಟ್ಟಿಗೆಯಲ್ಲ. ಪಕ್ಕೆಲುಬು, ಬೆನ್ನುಮೂಳೆಗಳೇ ಬೆಸೆದು ಆದದ್ದು, ಮುಟ್ಟಿದರೆ ಅದಕ್ಕೆ ಗೊತ್ತಾಗುತ್ತದೆ. ಆ ಮೂಳೆ ಗಟ್ಟಿಯಾಗಲು ಸುಣ್ಣದಂಶ ಬೇಕು, ಸುಣ್ಣ ಮೈಗೆ ಹತ್ತಲು ವಿಟಮಿನ್ ಡಿ ಬೇಕು, ಅದಕ್ಕೆ ನೇರ ಬಿಸಿಲಿನ ನೇರಳಾತೀತ ಕಿರಣ ಬೇಕು. ಕಿಟಕಿಯ ಗಾಜು ಅದನ್ನು ತಡೆದುಬಿಡುತ್ತದೆ. ಮೂಲೆಯಲ್ಲಿ ಬಿದ್ದ ಆಮೆಯ ಚಿಪ್ಪು ನೆನೆದ ರಟ್ಟಿನಂತೆ ಮೆತ್ತಗಾಗುತ್ತದೆ.

ಆ ಸಲ ಏನೂ ಕೊಳ್ಳಲಿಲ್ಲ. ಮೊದಲ ಮಳೆಯಾದ ಮೇಲೆ ಕೊಲ್ಹಾರದ ಹತ್ತಿರದ ನಮ್ಮ ಹೊಲಕ್ಕೆ ಹುಡುಗನನ್ನು ಕರೆದೊಯ್ದೆ. ಮೊದಲೆಲ್ಲ ಅಲ್ಲಿನ ಬಾವಿಯಲ್ಲಿ ಒಂದು ಆಮೆ ಇರುತ್ತಿತ್ತು, ನೀರು ಸ್ವಚ್ಛ ಇಡುತ್ತದೆಂದು ಅಜ್ಜನೇ ಬಿಟ್ಟದ್ದು. ಈಗ ಬಾವಿ ಬತ್ತಿದೆ. ಬದುವಿನ ಮೇಲೆ ಅದರದೇ ಜಾತಿಯದೊಂದು ಹೊರಟಿತ್ತು: ಮೆತ್ತನೆ ಚರ್ಮ ಹೊದ್ದ ಬೆನ್ನು, ಕೊಳವೆಯಂಥ ಮೂಗು. ಬೇಸಿಗೆಯೆಲ್ಲ ಕೆಸರಿನಡಿ ಹೂತುಕೊಂಡು ಕಾದದ್ದು. ಹುಡುಗ ಕುಕ್ಕರಗಾಲಲ್ಲಿ ಕೂತ. ಅದು ಕಾಲು ಒಳಗೆಳೆದುಕೊಂಡು ಹಿಂದಿನ ಎರಡು ಚರ್ಮದ ಮಡಿಕೆಗಳನ್ನು ಕದದಂತೆ ಮುಚ್ಚಿತು. ಇದೂ ಮೊದಲನೇ ಅನುಸೂಚಿಯದೇ. ಮುಟ್ಟದೆ ಕೂತೆವು. ಬಹಳ ಹೊತ್ತಿನ ಮೇಲೆ ಮೊದಲು ಮೂಗು, ಆಮೇಲೆ ಒಂದು ಕಾಲು ಹೊರಬಂತು.

ಅಕ್ಕನ ಫೋನು ಬಂತು. “ಎಲ್ಲಿದ್ದೀರಿ? ಏನರ ಹಿಡಕೊಂಡು ಬರಾಕತ್ತೀರೇನು ಮತ್ತ?”

“ಇಲ್ಲ ಬೇ, ಅದು ಕಾಲುವಿ ಕಡೆ ಹೊಂಟದ” ಎಂದ. “ಇನ್ನೂ ಮುಟ್ಟಿಲ್ಲ. ತಡಿ.”