ಕಡಿದ ನರ, ಅಕ್ಕಿ ಡಬ್ಬಿ, ಶ್ರುತಿಕವೆ

ತುಂಬಾ ಹೊತ್ತು ಬಟ್ಟೆ ಒಗೆದರೆ ಬೆರಳ ತುದಿ ಸುಕ್ಕುಗಟ್ಟುತ್ತದೆ ಅಲ್ವಾ? ನರ ಪೂರ್ತಿ ಕಡಿದುಹೋದ ಬೆರಳು ಹಾಗಾಗುವುದಿಲ್ಲ. ನೀರಲ್ಲಿ ಎಷ್ಟು ಹೊತ್ತು ಇಟ್ಟರೂ ನುಣ್ಣಗೇ ಇರುತ್ತದೆ. ಬೆವರುವುದೂ ಇಲ್ಲ. 1970ರ ದಶಕದಿಂದ ವೈದ್ಯರು ನರ ಕೆಲಸ ಮಾಡುತ್ತಿದೆಯಾ ಅಂತ ನೋಡಲು ಇದನ್ನೇ ಒಂದು ಪರೀಕ್ಷೆಯಾಗಿ ಬಳಸುತ್ತಿದ್ದಾರೆ. ಚಿಕ್ಕ ಮಕ್ಕಳಿಗೆ ಇದು ಬಹಳ ಅನುಕೂಲ. 'ಮುಟ್ಟಿದ್ದು ಗೊತ್ತಾಯ್ತಾ?' ಅಂತ ಕೇಳಿದರೆ ಅವರು ಎಲ್ಲದಕ್ಕೂ ಹೂಂ ಅಂದುಬಿಡುತ್ತಾರಲ್ಲ!

ಹೀಗೆ ನರ ಕಡಿದ ಕೈಗೆ ಸ್ಪರ್ಶವನ್ನು ಮತ್ತೆ ಕಲಿಸುವುದು ಹೇಗೆ? ಒಡೆದ ಗಾಜು ಮಣಿಕಟ್ಟಿಗೆ ಆಳವಾಗಿ ಇಳಿಯಿತು ಅಂದುಕೊಳ್ಳಿ. ಅಲ್ಲಿ ಹಾದುಹೋಗುವ ಮೀಡಿಯನ್ ನರ ಹೆಬ್ಬೆರಳು, ತೋರುಬೆರಳು, ನಡುಬೆರಳು ಮತ್ತು ಉಂಗುರಬೆರಳಿನ ಅರ್ಧ ಭಾಗದ ಸ್ಪರ್ಶವನ್ನು ನೋಡಿಕೊಳ್ಳುತ್ತದೆ. ಸರ್ಜನ್ ಮೈಕ್ರೋಸ್ಕೋಪ್ ಇಟ್ಟುಕೊಂಡು ಅದನ್ನು ಹೊಲಿಯುತ್ತಾರೆ. ಆದರೆ ಹೊಲಿಗೆ ಬೀಳುವುದು ನರದ ಹೊದಿಕೆಗೆ ಮಾತ್ರ. ಕಡಿದ ಜಾಗದಿಂದ ಆಚೆಗಿರುವ ಎಳೆಗಳೆಲ್ಲ ಸಾಯುತ್ತವೆ. ಈಚೆಯಿಂದ ಹೊಸ ಎಳೆಗಳು ದಿನಕ್ಕೆ ಸುಮಾರು 1 ಮಿಲಿಮೀಟರಿನಂತೆ ಬೆಳೆಯುತ್ತಾ ಹೋಗಬೇಕು. ಮಣಿಕಟ್ಟಿನಿಂದ ಬೆರಳ ತುದಿಗೆ ಸುಮಾರು 18 ಸೆಂಟಿಮೀಟರ್. ಲೆಕ್ಕ ನೀವೇ ಹಾಕಿ, ಅರ್ಧ ವರ್ಷ ಬೇಕು.

ತಲುಪಿದ ಮೇಲೂ ತಾಪತ್ರಯ ಮುಗಿಯುವುದಿಲ್ಲ. ಅಂಗೈ ಮತ್ತು ಬೆರಳುಗಳ ಒಳಮೈಯಲ್ಲಿ ಸ್ಪರ್ಶ ಗುರುತಿಸುವ ಸುಮಾರು 17,000 ಗ್ರಾಹಕಗಳಿವೆ. ಹೊಸ ಎಳೆಗಳಲ್ಲಿ ಎಷ್ಟೋ ದಾರಿ ತಪ್ಪಿ ಬೇರೆಯದೇ ಬೆರಳಿಗೆ ಹೋಗಿ ಸೇರುತ್ತವೆ. ರೂಮಿನ ಸ್ವಿಚ್ ಒತ್ತಿದರೆ ಅಡುಗೆಮನೆಯ ಲೈಟ್ ಹತ್ತಿದ ಹಾಗೆ, ತೋರುಬೆರಳು ಮುಟ್ಟಿದರೆ ನಡುಬೆರಳು ಮುಟ್ಟಿದಂತೆ ಅನ್ನಿಸುತ್ತದೆ. ಈ ನಡುವೆ ಮಿದುಳೂ ಸುಮ್ನೆ ಕೂತಿರುವುದಿಲ್ಲ. 1983ರ ಸುಮಾರಿಗೆ ಅಮೆರಿಕದ ಮೈಕೆಲ್ ಮೆರ್ಜೆನಿಕ್ ಮತ್ತು ಜೊತೆಗಾರರು ಮಂಗಗಳಲ್ಲಿ ಇದನ್ನು ತೋರಿಸಿದರು. ಮೀಡಿಯನ್ ನರ ಕಡಿದ ಮೇಲೆ ಮಿದುಳಲ್ಲಿ ಅದಕ್ಕಿದ್ದ ಜಾಗವನ್ನು ಕೈಯ ಅಕ್ಕಪಕ್ಕದ ಭಾಗಗಳು ಆಕ್ರಮಿಸಿಕೊಂಡಿದ್ದವು.

ಅಂದರೆ ಗಾಯವಾದ ಕೈಗೆ ಅಭ್ಯಾಸ ಮಾಡಿಸುವ ಥೆರಪಿಸ್ಟ್ ಮುಂದೆ ಹರಡಿಕೊಳ್ಳುವ ಅಕ್ಕಿ ಡಬ್ಬಿ, ಬಟ್ಟೆ ಚೂರುಗಳಂಥ ಸಾಮಾನುಗಳೆಲ್ಲ ನಿಜವಾಗಿ ಮಿದುಳಿನ ಪಾಠಕ್ಕೆ. ಈ ಪಾಠಕ್ಕೆ ಕ್ರಮ ಹಾಕಿಕೊಟ್ಟವರಲ್ಲಿ ಒಬ್ಬರು ಅಮೆರಿಕದ ಸರ್ಜನ್ ಲೀ ಡೆಲ್ಲನ್. ಸ್ಪರ್ಶ ಮರಳುವುದಕ್ಕೂ ಒಂದು ಸರದಿ ಇದೆ ಎಂದು ಅವರು ಗಮನಿಸಿದ್ದರು. ಮೊದಲು ನೋವು ಗೊತ್ತಾಗುತ್ತದೆ. ಆಮೇಲೆ ನಿಧಾನ ಕಂಪನ, ಚರ್ಮದ ಮೇಲೆ ಸರಿದಾಡುವ ಸ್ಪರ್ಶ, ಒಂದೇ ಕಡೆ ಒತ್ತಿ ಹಿಡಿದ ಸ್ಪರ್ಶ. ಕೊನೆಗೆ ವೇಗದ ಕಂಪನ. ಇದನ್ನು ಪತ್ತೆ ಹಚ್ಚಲು ಎರಡು ಶ್ರುತಿಕವೆ (ತಟ್ಟಿದರೆ ಕಂಪಿಸುವ ಲೋಹದ ಕವೆ, ಟ್ಯೂನಿಂಗ್ ಫೋರ್ಕ್) ಸಾಕು, ಸೆಕೆಂಡಿಗೆ 30 ಸಲ ಕಂಪಿಸುವ 30 ಹರ್ಟ್ಸ್‌ನದು ಒಂದು, 256 ಹರ್ಟ್ಸ್‌ನದು ಇನ್ನೊಂದು. 30ರದ್ದು ಗೊತ್ತಾಗತೊಡಗಿದರೆ ಮೊದಲ ಪಾಠ ಶುರು.

ಪೆನ್ಸಿಲ್ ತುದಿಯ ರಬ್ಬರಿನಿಂದ ಬೆರಳ ಮೇಲೆ ಗೆರೆ ಎಳೆಯಬೇಕು. ಕಣ್ಣು ಬಿಟ್ಟು ನೋಡಬೇಕು, ಕಣ್ಣು ಮುಚ್ಚಿ ಗಮನಿಸಬೇಕು, ಮತ್ತೆ ಕಣ್ಣು ಬಿಟ್ಟು ಸರಿಯಾ ಅಂತ ನೋಡಿಕೊಳ್ಳಬೇಕು. 'ಇದು ತೋರುಬೆರಳು, ಮೇಲಿಂದ ಕೆಳಗೆ ಬರ್ತಿದೆ' ಅಂತ ಮನಸ್ಸಲ್ಲೇ ಹೇಳಿಕೊಳ್ಳಬೇಕು. ದಿನಕ್ಕೆ ಮೂರು ನಾಲ್ಕು ಸಲ, ಸ್ವಲ್ಪ ಸ್ವಲ್ಪ ಹೊತ್ತು. ಸ್ಪರ್ಶ ಬೆರಳ ತುದಿವರೆಗೆ ಬಂದ ಮೇಲೆ ವಸ್ತುಗಳ ಸರದಿ. ಉಣ್ಣೆ ಯಾವುದು, ರೇಷ್ಮೆ ಯಾವುದು, ಗೋಣಿ ಯಾವುದು? ಅಕ್ಕಿ ಡಬ್ಬಿಯಲ್ಲಿ ಹುದುಗಿಸಿದ್ದು ಬೀಗದ ಕೈಯೋ, ನಾಣ್ಯವೋ, ಅಂಗಿ ಗುಂಡಿಯೋ? ಟೀವಿ ನೋಡುತ್ತಾ ಅಕ್ಕಿಯಲ್ಲಿ ಕೈಯಾಡಿಸಿದರೆ ಇದೆಲ್ಲ ಬರುವುದಿಲ್ಲ. ಗಮನ ಇಲ್ಲದಿದ್ದರೆ ಮಿದುಳು ಕಲಿಯುವುದಿಲ್ಲ.

ಅದೇ ಅಕ್ಕಿ ಡಬ್ಬಿ ತದ್ವಿರುದ್ಧ ತೊಂದರೆಗೂ ಬೇಕಾಗುತ್ತದೆ. ಕೆಲವರಿಗೆ ಗಾಯ ಮಾಗಿದ ಜಾಗಕ್ಕೆ ಅಂಗಿಯ ತೋಳು ತಗುಲಿದರೂ ಜೀವ ಹೋದಂತಾಗುತ್ತದೆ. ಅವರಿಗೆ ಗುರುತಿಸುವ ಪರೀಕ್ಷೆ ಇಲ್ಲ. ಹತ್ತಿಯಿಂದ ಶುರು ಮಾಡಿ, ಸಹಿಸಲು ಆಗುವಷ್ಟೇ ಒರಟು ಬಟ್ಟೆಯಿಂದ ಉಜ್ಜಿ, ಆಮೇಲೆ ಅಕ್ಕಿ, ಕಡಲೆ, ಹೀಗೆ ಮೆಲ್ಲಗೆ ರೂಢಿ ಮಾಡಿಸುತ್ತಾರೆ. ಯಾವುದು ಹಿತ, ಯಾವುದು ಅಸಹನೀಯ ಅಂತ ಹೇಳಬೇಕಾದವರು ರೋಗಿಯೇ.

ಸ್ವೀಡನ್ನಿನ ಮಾಲ್ಮೊದಲ್ಲಿ ಬಿರ್ಗಿಟ್ಟಾ ರೋಸೆನ್, ಗೊರಾನ್ ಲುಂಡ್‌ಬೋರ್ಗ್ ತಂಡ ಇನ್ನೂ ಜಾಣ ಉಪಾಯ ಹುಡುಕಿತು. ಮುಂಗೈಗೆ ಮರಗಟ್ಟಿಸುವ ಕ್ರೀಮ್ ಹಚ್ಚಿದರು. ಅಲ್ಲಿಂದ ಸುದ್ದಿ ನಿಂತಾಗ ಪಕ್ಕದಲ್ಲೇ ಇರುವ ಬೆರಳುಗಳಿಗೆ ಮಿದುಳಲ್ಲಿ ಜಾಗ ಜಾಸ್ತಿ ಸಿಗುತ್ತದೆ ಎಂಬುದು ಅವರ ತರ್ಕ. ಕ್ರೀಮ್ ಜೊತೆ ಪಾಠ ಮಾಡಿದವರ ಸ್ಪರ್ಶ ಸುಧಾರಿಸಿತು. ನನಗಂತೂ ಈ ಕ್ಷೇತ್ರದಲ್ಲಿ ಅತ್ಯಂತ ಇಷ್ಟವಾದ ಪ್ರಯೋಗ ಇದು.

ಸ್ಪರ್ಶ ಮರಳುವವರೆಗೆ ಕೈ ಕಾಪಾಡಿಕೊಳ್ಳುವುದು ಬೇರೆಯೇ ಕೆಲಸ. 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದ ಸರ್ಜನ್ ಪಾಲ್ ಬ್ರ್ಯಾಂಡ್ ಕುಷ್ಠರೋಗಿಗಳ ಬೆರಳು ಯಾಕೆ ಸವೆಯುತ್ತವೆ ಅಂತ ಹುಡುಕಿದರು. ರೋಗವೇ ಮಾಂಸ ತಿನ್ನುತ್ತದೆ ಎಂಬ ನಂಬಿಕೆ ತಪ್ಪಾಗಿತ್ತು. ನೋವು ಗೊತ್ತಾಗದೆ ಸುಟ್ಟುಕೊಂಡದ್ದು, ತರಚಿಕೊಂಡದ್ದು, ರಾತ್ರಿ ನಿದ್ದೆಯಲ್ಲಿ ಇಲಿ ಕಡಿದದ್ದು, ಎಲ್ಲ ಸೇರಿ ಬೆರಳು ಹೋಗುತ್ತಿದ್ದವು. ಇಲಿ ಕಾಟಕ್ಕೆ ಅವರು ರೋಗಿಗಳಿಗೆ ಬೆಕ್ಕು ಕೊಟ್ಟು ಕಳಿಸಿದರು!

ಅಪಾಯ ಎಷ್ಟು ಅಂತ ಅಳೆಯಲು ನೈಲಾನ್ ಎಳೆಗಳ ಸೆಟ್ ಇದೆ. ಎಳೆ ಬಾಗುವವರೆಗೆ ಚರ್ಮಕ್ಕೆ ಒತ್ತಿದರೆ ನಿಗದಿತ ಭಾರವಷ್ಟೇ ಬೀಳುತ್ತದೆ. ಆರೋಗ್ಯವಂತ ಬೆರಳಿಗೆ 0.07 ಗ್ರಾಂ ಎಳೆಯೂ ಗೊತ್ತಾಗುತ್ತದೆ. ಕೈಯಲ್ಲಿ 2 ಗ್ರಾಂ ಎಳೆಯೂ ಗೊತ್ತಾಗದಿದ್ದರೆ ಬಿಸಿ ಕಾಫಿ ಲೋಟ, ತವೆ, ಈಳಿಗೆ ಇವುಗಳ ಹತ್ತಿರ ಕಣ್ಣೇ ಕಾವಲು. ದುಡ್ಡು ಕೊಟ್ಟು ಕೊಳ್ಳಬೇಕಾದದ್ದು ಈ ಎಳೆಗಳು, ಶ್ರುತಿಕವೆ ಅಷ್ಟೇ. ಅವೂ ಥೆರಪಿಸ್ಟ್ ಹತ್ತಿರ ಇರುತ್ತವೆ. ಉಳಿದದ್ದೆಲ್ಲ ಅಡುಗೆಮನೆಯಲ್ಲೇ ಇದೆ. ಬಣ್ಣಬಣ್ಣದ ದುಬಾರಿ ಕಿಟ್ ಯಾಕೆ?

ಮಕ್ಕಳ ಕೈ ಚೆನ್ನಾಗಿ ಚೇತರಿಸಿಕೊಳ್ಳುತ್ತದೆ. ದೊಡ್ಡವರಲ್ಲಿ ಪೂರ್ತಿ ಮೊದಲಿನಂತಾಗುವುದು ಅಪರೂಪ, ಆದರೆ ಸುಧಾರಣೆ ಕೆಲವು ವರ್ಷ ನಡೆಯುತ್ತಲೇ ಇರುತ್ತದೆ. ಹೊಲಿಗೆ ಒಣಗಿ ಬೆರಳು ಮಡಚಲು ಬಂದ ಕೂಡಲೇ ಥೆರಪಿ ಬಿಡುವವರಿದ್ದಾರೆ. ಆಗಿನ್ನೂ ನರ ಅಂಗೈ ದಾಟಿರುವುದಿಲ್ಲ.