ಅಪ್ಪನ ರಿಪೋರ್ಟಿನಲ್ಲಿರುವ ಜೀನ್ ಮಕ್ಕಳಿಗೂ ಬರುತ್ತಾ?

ಪ್ರಶ್ನೆ: ಅಪ್ಪನಿಗೆ ಮೂತ್ರಕೋಶದ ಕ್ಯಾನ್ಸರ್. ರಿಪೋರ್ಟಿನಲ್ಲಿ ‘ಟಿಪಿ53 ಮ್ಯುಟೇಶನ್’ ಅಂತ ಇದೆ. ಅದು ಜೀವಕೋಶದ ಸಾವಿಗೆ ಸಂಬಂಧಪಟ್ಟ ಜೀನ್ ಅಂತೆ. ನಮಗೂ ಬರುತ್ತಾ?

ಉತ್ತರ: ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕವಿಲ್ಲ. ಅಪ್ಪನ ಜಾಗದಲ್ಲಿ ಒಮ್ಮೆ ಮಾವ, ಒಮ್ಮೆ ದೊಡ್ಡಪ್ಪ, ಅಷ್ಟೇ. ಇರಲಿ, ಇನ್ನೊಂದು ಸಲ.

ಸಾವಿನ ಜೀನ್ ಅಂದ ಕೂಡಲೇ ಯಮನ ಏಜೆಂಟ್ ಅಂದುಕೊಳ್ಳಬೇಡಿ. ಹೊಟ್ಟೆಯೊಳಗಿದ್ದಾಗ ನಮ್ಮ ಬೆರಳುಗಳ ನಡುವೆ ಬಾತುಕೋಳಿ ಕಾಲಿನ ಹಾಗೆ ಪೊರೆ ಇರುತ್ತದೆ. ಅಲ್ಲಿನ ಕೋಶಗಳು ತಾವಾಗಿ ಸತ್ತ ಮೇಲೆಯೇ ಬೆರಳುಗಳು ಬಿಡಿಬಿಡಿಯಾಗುವುದು. ಇಂಥ ಸಾವಿಗೆ 1972ರಲ್ಲಿ ಅಪೊಪ್ಟೋಸಿಸ್ ಎಂಬ ಹೆಸರಿಟ್ಟರು. ಗ್ರೀಕ್‌ನಲ್ಲಿ ಎಲೆ ಉದುರುವುದು ಅಂತ ಅರ್ಥ. ಕೋಶದ ಡಿಎನ್‌ಎ ಕೆಟ್ಟರೆ ಟಿಪಿ53 ಮೊದಲು ಅದರ ಬೆಳವಣಿಗೆ ನಿಲ್ಲಿಸುತ್ತದೆ. ರಿಪೇರಿ ಆಗದಿದ್ದರೆ ಸಾಯುವಂತೆ ಮಾಡುತ್ತದೆ. ಆ ಜೀನೇ ಕೆಟ್ಟರೆ (ರಿಪೋರ್ಟಿನ ‘ಮ್ಯುಟೇಶನ್’ ಅಂದರೆ ಇದೇ) ಸಾಯಬೇಕಾದ ಕೋಶ ಸಾಯದೆ ಮರಿ ಹಾಕುತ್ತಾ ಹೋಗುತ್ತದೆ. ಬಿಸಿಎಲ್2 ಇದರ ಉಲ್ಟಾ, ಸಾವನ್ನು ತಡೆಯುವ ಜೀನ್. ಅದು ಅತಿಯಾದರೂ ತೊಂದರೆಯೇ. ಅಮೆರಿಕದ ಕ್ಯಾನ್ಸರ್ ಜೀನೋಮ್ ಅಟ್ಲಾಸ್ ಎಂಬ ಸಂಶೋಧನಾ ಯೋಜನೆಯವರು ಮೂತ್ರಕೋಶದ ಸ್ನಾಯುವಿಗೆ ಇಳಿದಿದ್ದ 412 ಗಡ್ಡೆಗಳನ್ನು ನೋಡಿ 2017ರಲ್ಲಿ ವರದಿ ಕೊಟ್ಟರು. ಹೆಚ್ಚುಕಡಿಮೆ ಅರ್ಧದಷ್ಟರಲ್ಲಿ ಟಿಪಿ53 ಕೆಟ್ಟಿತ್ತು.

ಈಗ ಅಸಲು ವಿಷಯ. ‘ಜೀನ್ ಅಂದರೆ ವಂಶ’ ಅನ್ನೋದನ್ನು ತಲೆಯಿಂದ ತೆಗೆಯಿರಿ. ಹೆಚ್ಚುಕಡಿಮೆ ಪ್ರತಿ ಜೀವಕೋಶದಲ್ಲೂ ಎಲ್ಲ ಜೀನ್‌ಗಳ ಪ್ರತಿ ಇರುತ್ತದೆ. ಒಂದು ಕೋಶದಲ್ಲಿ ಕೆಟ್ಟದ್ದು ಪಕ್ಕದ ಕೋಶಕ್ಕೇ ಗೊತ್ತಿರುವುದಿಲ್ಲ, ಇನ್ನು ಮಕ್ಕಳ ಮಾತೆಲ್ಲಿ? ಅಪ್ಪ ಗದ್ದೆಯಲ್ಲಿ ಜಾರಿ ಕಾಲು ಮುರಿದುಕೊಂಡರೆ ಮಗ ಕುಂಟುತ್ತಾ ಹುಟ್ಟುತ್ತಾನಾ? ಮಕ್ಕಳಿಗೆ ಹೋಗುವುದು ವೀರ್ಯಾಣು, ಅಂಡಾಣುಗಳಲ್ಲಿ ಇರುವುದು ಮಾತ್ರ.

ರಿಪೋರ್ಟ್ ಕೈಗೆ ತಗೊಳ್ಳಿ. ಮೇಲುಗಡೆ ಸ್ಯಾಂಪಲ್ ಯಾವುದು ಅಂತ ಬರೆದಿರುತ್ತಾರೆ. ‘ಟ್ಯೂಮರ್ ಟಿಶ್ಯೂ’ ಅಂತಿದ್ದರೆ ಅವರು ಓದಿದ್ದು ಗಡ್ಡೆಯ ಜೀನ್. ವಂಶದ ದೋಷ ಹುಡುಕಲು ಸಾಮಾನ್ಯವಾಗಿ ರಕ್ತ ಅಥವಾ ಜೊಲ್ಲು ತಗೊಂಡು ಬೇರೆ ಪರೀಕ್ಷೆ ಮಾಡುತ್ತಾರೆ. ಆ ಒಂದು ಸಾಲು ಓದಿದ್ದರೆ ನನಗೆ ಬರುವ ಅರ್ಧ ಪತ್ರಗಳು ಬರುತ್ತಿರಲಿಲ್ಲ.

ಹಾಗಾದರೆ ಜೀನ್ ಕೆಟ್ಟದ್ದು ಹೇಗೆ? ಬೀಡಿ, ಸಿಗರೇಟಿನ ವಿಷ ರಕ್ತಕ್ಕೆ ಸೇರಿ, ಕಿಡ್ನಿಯಲ್ಲಿ ಸೋಸಿ, ಮೂತ್ರದ ಜೊತೆ ಚೀಲದಲ್ಲಿ ಗಂಟೆಗಟ್ಟಲೆ ನಿಲ್ಲುತ್ತದೆ. ಒಳಪದರಕ್ಕೆ ಅದರದ್ದೇ ಸ್ನಾನ. ಬಣ್ಣದ ಕಾರ್ಖಾನೆಯ ಕೆಲಸಗಾರರಲ್ಲಿ ಈ ಗಡ್ಡೆಗಳನ್ನು ಜರ್ಮನಿಯ ಸರ್ಜನ್ ಲುಡ್ವಿಗ್ ರೆನ್ 1895ರಲ್ಲೇ ಗುರುತಿಸಿದ್ದರು. ‘ದೊಡ್ಡಪ್ಪನಿಗೂ ಬಂದಿತ್ತಲ್ಲ ಸಾರ್’ ಅಂತೀರಿ. ಅಣ್ಣತಮ್ಮ ಇಬ್ಬರೂ ಒಂದೇ ಜಗಲಿಯಲ್ಲಿ ಕೂತು ಒಂದೇ ಕಟ್ಟಿನ ಬೀಡಿ ಸೇದಿರಬಹುದು, ಅಲ್ವಾ?

ವಂಶದ ಪಾತ್ರ ಸೊನ್ನೆ ಅಂತಲ್ಲ. ಮನೆಯಲ್ಲಿ ಹಲವರಿಗೆ, ಅದರಲ್ಲೂ ಚಿಕ್ಕ ವಯಸ್ಸಿನಲ್ಲೇ, ಬೇರೆ ಬೇರೆ ಕ್ಯಾನ್ಸರ್ ಬಂದಿದ್ದರೆ ಡಾಕ್ಟರಿಗೆ ಹೇಳಿ. ಅಂಥ ಮನೆತನಗಳು ಕಡಿಮೆ.

ಯಾರೂ ಕೇಳದ ಇನ್ನೊಂದು ಮಾತು. ಒಳಗಿನ ಸಾವಿನ ಸ್ವಿಚ್ ಕೆಟ್ಟರೆ ಹೊರಗಿನಿಂದ ಕೊಲ್ಲಿಸಬಹುದು. ಗಡ್ಡೆ ಇನ್ನೂ ಸ್ನಾಯುವಿಗೆ ಇಳಿಯದಿದ್ದರೆ, ಅದನ್ನು ಕೆರೆದು ತೆಗೆದ ಮೇಲೆ ಹಲವರಿಗೆ ಮೂತ್ರಕೋಶದೊಳಕ್ಕೆ ಬಿಸಿಜಿ ಬಿಡುತ್ತಾರೆ. ಹೌದು, ಹುಟ್ಟಿದ ಕೂಸಿನ ತೋಳಿಗೆ ಹಾಕುವ ಅದೇ ಟಿಬಿ ಲಸಿಕೆ! 1976ರಲ್ಲಿ ಕೆನಡಾದ ಆಲ್ವಾರೊ ಮೊರಾಲೆಸ್ ಇದರ ಫಲ ತೋರಿಸಿದರು. ಲಸಿಕೆ ಕಂಡು ಕೆರಳಿದ ರೋಗನಿರೋಧಕ ಕೋಶಗಳು ಉಳಿದ ಕ್ಯಾನ್ಸರ್ ಕೋಶಗಳ ಮೇಲೂ ಬೀಳುತ್ತವೆ. ಶುರುವಿನಲ್ಲಿ ವಾರಕ್ಕೊಂದರಂತೆ ಆರು ವಾರ. ಪ್ರತಿ ಸಲವೂ ಸುಮಾರು ಎರಡು ಗಂಟೆ ಮೂತ್ರ ತಡೆದುಕೊಳ್ಳಬೇಕು. ನಿಮ್ಮ ಅಪ್ಪನಿಗೂ ಅದೇ ಹೇಳಿದ್ದರೆ, ಆ ದಿನ ಬೆಳಗ್ಗೆ ಎರಡನೇ ಲೋಟ ಕಾಫಿ ಕೊಡಬೇಡಿ.